ಮೂಳೆ ಹೇಳುವುದು ಅರ್ಧ, ಮನೆಯವರು ಹೇಳಬೇಕಾದದ್ದು ಇನ್ನರ್ಧ

ಧರ್ಮಪುರಿ: ಬೆಂಗಳೂರಿನಲ್ಲಿ ಕೆಲಸ ಮಾಡುವ ನನ್ನ ತಂಗಿಯ ಮಗ ಹಬ್ಬಕ್ಕೆ ಊರಿಗೆ ಬಂದಾಗಲೆಲ್ಲ ಲ್ಯಾಪ್‌ಟಾಪ್‌ನಲ್ಲಿ ಒಂದು ಇಂಗ್ಲಿಷ್ ಧಾರಾವಾಹಿ ನೋಡುತ್ತಾ ಕೂರುತ್ತಾನೆ. ಅದರ ಹೆಸರು 'ಬೋನ್ಸ್'. ಅಂದರೆ ಮೂಳೆಗಳು! ಒಂದು ಸಂಜೆ ಅವನ ಪಕ್ಕ ಕೂತು ನಾನೂ ನೋಡಿದೆ. ಕಾಡಿನಲ್ಲಿ ಒಂದು ಅಸ್ಥಿಪಂಜರ ಸಿಗುತ್ತದೆ. ಡಾ. ಬ್ರೆನನ್ ಎಂಬ ಮಹಿಳಾ ತಜ್ಞೆ ಬಂದು ಒಂದು ಮೂಳೆ ಎತ್ತಿಕೊಂಡು, ಸತ್ತದ್ದು ಗಂಡಸೋ ಹೆಂಗಸೋ, ವಯಸ್ಸೆಷ್ಟು, ಯಾವ ಆಟ ಆಡುತ್ತಿದ್ದ ಎಂಬುದನ್ನೆಲ್ಲ ಹೇಳಿಬಿಡುತ್ತಾಳೆ. ಮುಕ್ಕಾಲು ಗಂಟೆಯೊಳಗೆ ಕೊಲೆಗಾರ ಜೈಲಿಗೆ.

"ಮಾವ, ಇದೆಲ್ಲ ನಿಜಾನಾ?" ಎಂದು ಹುಡುಗ ಕೇಳಿದ. ಬಿ.ಎ. ಓದಿದ ನಾನು ಆಗ ಏನು ಹೇಳಲಿ? ಆಮೇಲೆ ಅಷ್ಟಿಷ್ಟು ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ. ಎರಡು ರಾಜ್ಯಗಳ ಗಡಿಯಲ್ಲಿ, ಎರಡು ಭಾಷೆಗಳ ನಡುವೆ ಬದುಕುವ ನಮಗೆ ಈ ವಿಷಯ ಬರೀ ಮನರಂಜನೆಯಲ್ಲ. ಅದು ಯಾಕೆ ಎಂಬುದು ಕೊನೆಯ ಹೊತ್ತಿಗೆ ಗೊತ್ತಾಗುತ್ತದೆ.

ಕತೆ ಬರೆದಾಕೆ ನಿಜವಾದ ತಜ್ಞೆ

'ಬೋನ್ಸ್' ಧಾರಾವಾಹಿ ಅಮೆರಿಕದ ಫಾಕ್ಸ್ ವಾಹಿನಿಯಲ್ಲಿ 2005ರಿಂದ 2017ರವರೆಗೆ 246 ಕಂತುಗಳಲ್ಲಿ ಬಂತು. ಅದಕ್ಕೆ ಆಧಾರವಾದ ಪತ್ತೇದಾರಿ ಕಾದಂಬರಿಗಳ ಲೇಖಕಿ ಕ್ಯಾಥಿ ರೈಕ್ಸ್. ಮೊದಲ ಕಾದಂಬರಿ 'ದೇಜಾ ಡೆಡ್' ಪ್ರಕಟವಾದದ್ದು 1997ರಲ್ಲಿ. ರೈಕ್ಸ್ ಸ್ವತಃ ಮೂಳೆ ತಜ್ಞೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವರು. ರುವಾಂಡಾದ ನರಮೇಧದ ವಿಚಾರಣೆಯಲ್ಲಿ ಸಾಕ್ಷಿ ಹೇಳಿದವರು.

ಈ ವಿದ್ಯೆಗೆ ಕನ್ನಡದಲ್ಲಿ ವಿಧಿವಿಜ್ಞಾನ ಮಾನವಶಾಸ್ತ್ರ ಎನ್ನುತ್ತಾರೆ. ನಮ್ಮ ಕಡೆಯವರ ಕಿವಿಗೆ ತಮಿಳಿನ 'ತಡಯವಿಯಲ್' ಎಂಬ ಮಾತೇ ಹೆಚ್ಚು ಪರಿಚಯ. ನಮ್ಮ ದೇಶದಲ್ಲಿ ಇದಕ್ಕೆಂದೇ ಪ್ರತ್ಯೇಕ ತಜ್ಞರು ಕಡಿಮೆ. ಹೆಚ್ಚಾಗಿ ಮೊದಲ ಅಭಿಪ್ರಾಯ ಕೊಡುವವರು ಮರಣೋತ್ತರ ಪರೀಕ್ಷೆ ಮಾಡುವ ವೈದ್ಯರು. ಆಮೇಲೆ ಮೂಳೆಗಳು ಪ್ರಯೋಗಾಲಯಕ್ಕೆ ಹೋಗುತ್ತವೆ.

ಮೂಳೆ ಏನೇನು ಹೇಳುತ್ತದೆ?

ಮೊದಲ ಪ್ರಶ್ನೆ: ಇದು ಮನುಷ್ಯನದೇ? ನಗಬೇಡಿ. ಕೆಲವು ವರ್ಷಗಳ ಹಿಂದೆ ನಮ್ಮ ಪಕ್ಕದ ಊರಿನಲ್ಲಿ ಜೆಸಿಬಿ ಯಂತ್ರದಿಂದ ಹೊಲದ ಹೊಂಡ ತೋಡುವಾಗ ನಾಲ್ಕೈದು ಮೂಳೆ ಸಿಕ್ಕವು. ಸಂಜೆಯೊಳಗೆ ಊರೆಲ್ಲ ಕೊಲೆಯ ಸುದ್ದಿ. ಯಾರು ಸತ್ತದ್ದು, ಯಾರು ಕೊಂದದ್ದು ಎಂದು ಹೆಸರುಗಳೂ ಓಡಾಡಿದವು. ಕಡೆಗೆ ವೈದ್ಯರು ನೋಡಿ, ಅವು ದನದ ಮೂಳೆ ಎಂದರು. ಕೊಲೆಗಾರ ಎನ್ನಿಸಿಕೊಂಡಿದ್ದ ಮನುಷ್ಯ ಮಾತ್ರ ಒಂದು ವಾರ ಅಂಗಡಿ ಬೀದಿಗೆ ಬರಲಿಲ್ಲ.

ಎರಡನೆಯದು: ಎಷ್ಟು ಜನರದು? ಬೆಳೆದ ಮನುಷ್ಯನ ದೇಹದಲ್ಲಿ 206 ಮೂಳೆಗಳಿವೆ. ಒಂದೇ ಗುಂಡಿಯಲ್ಲಿ ಎರಡು ಎಡತೊಡೆಯ ಮೂಳೆ ಸಿಕ್ಕರೆ ಕನಿಷ್ಠ ಇಬ್ಬರು ಎಂದೇ ಲೆಕ್ಕ.

ಮೂರನೆಯದು: ಗಂಡೋ ಹೆಣ್ಣೋ? ಇದಕ್ಕೆ ಸೊಂಟದ ಮೂಳೆಯೇ ಉತ್ತಮ ಸಾಕ್ಷಿ. ಹೆರಿಗೆಗೆ ಅನುಕೂಲವಾಗಿ ಹೆಣ್ಣಿನ ಸೊಂಟದ ಮೂಳೆ ಅಗಲವಾಗಿರುತ್ತದೆ. ಆದರೆ ಚಿಕ್ಕ ಮಕ್ಕಳ ಮೂಳೆ ನೋಡಿ ಇದನ್ನು ಹೇಳುವುದು ಬಹಳ ಕಷ್ಟ.

ನಾಲ್ಕನೆಯದು ವಯಸ್ಸು. ಮಕ್ಕಳಾದರೆ ಹಲ್ಲು ನೋಡಿ ಹೆಚ್ಚುಕಡಿಮೆ ಸರಿಯಾಗಿ ಹೇಳಬಹುದು. ಹರೆಯದವರಲ್ಲಿ ಮೂಳೆಯ ತುದಿಗಳು ಕೂಡಿಕೊಂಡಿವೆಯೇ ಎಂದು ನೋಡುತ್ತಾರೆ. ಎದೆಯ ಕಡೆಗಿರುವ ಕೊರಳೆಲುಬಿನ ತುದಿ ಎಲ್ಲಕ್ಕಿಂತ ಕೊನೆಗೆ, ಇಪ್ಪತ್ತು ದಾಟಿದ ಮೇಲೆ ಕೂಡುತ್ತದೆ. ನಲವತ್ತು ದಾಟಿದವರ ವಿಷಯದಲ್ಲಿ 'ನಲವತ್ತರಿಂದ ಐವತ್ತೈದರೊಳಗೆ' ಎಂಬಂಥ ಅಂದಾಜೇ ಗತಿ. ಟಿವಿಯಲ್ಲಿ ಹೇಳುವಂತೆ 'ನಲವತ್ತಮೂರು' ಎಂದು ಯಾರೂ ಹೇಳಲಾರರು.

ಐದನೆಯದು ಎತ್ತರ. ತೊಡೆಯ ಮೂಳೆಯ ಉದ್ದ ಅಳೆದು ಸೂತ್ರಕ್ಕೆ ಹಾಕುತ್ತಾರೆ. ಅಮೆರಿಕದವರಿಗೆ ಮಾಡಿದ ಸೂತ್ರ ನಮ್ಮವರಿಗೆ ಸರಿಹೊಂದುವುದಿಲ್ಲ. ಆಯಾ ಜನರಿಗೆ ಆಯಾ ಸೂತ್ರವೇ ಬೇಕು.

ಇನ್ನು ಹಳೆಯ ಮುರಿತ, ಕತ್ತಿಯ ಗಾಯ, ಗುಂಡಿನ ತೂತು ಇವೂ ಮೂಳೆಯ ಮೇಲೆ ಉಳಿಯುತ್ತವೆ. ಆದರೆ ವಿಷ, ಕತ್ತು ಹಿಸುಕಿದ್ದು, ನೀರಿನಲ್ಲಿ ಮುಳುಗಿಸಿದ್ದು ಎಷ್ಟೋ ಸಲ ಮೂಳೆಯಲ್ಲಿ ಗುರುತೇ ಬಿಡುವುದಿಲ್ಲ.

ಊರಿನ ಪದ್ಧತಿಯೂ ಗೊತ್ತಿರಬೇಕು

ಪುಸ್ತಕದ ವಿದ್ಯೆ ಒಂದೇ ಸಾಲದು. ಲಿಂಗಾಯತರು ಕುಳಿತ ಭಂಗಿಯಲ್ಲಿ ಹೂಳುತ್ತಾರೆ. ಮುಸ್ಲಿಮರು ಮಕ್ಕಾದ ದಿಕ್ಕಿಗೆ ಮುಖ ಮಾಡಿ ಹೂಳುತ್ತಾರೆ. ಈ ಪದ್ಧತಿ ಗೊತ್ತಿಲ್ಲದವರು ಕಾಲು ಮಡಿಚಿಕೊಂಡು ಕೂತ ಅಸ್ಥಿಪಂಜರ ನೋಡಿದರೆ, ಯಾರೋ ಹೆಣವನ್ನು ಗುಂಡಿಗೆ ತುರುಕಿದ್ದಾರೆ ಎಂದುಕೊಂಡಾರು!

ಮೂಳೆಯ ಹಳತನವೂ ಹಾಗೆಯೇ. ಸೇಲಂ, ಧರ್ಮಪುರಿ, ಕೃಷ್ಣಗಿರಿ ಭಾಗದಲ್ಲಿ ಸಾವಿರಾರು ವರ್ಷ ಹಿಂದಿನ ಕಲ್ಲುಗೋರಿಗಳಿವೆ. ತಮಿಳುನಾಡಿನಲ್ಲಿ ಆ ಕಾಲದ ಸಮಾಧಿ ಗಡಿಗೆಗಳೂ ಸಿಗುತ್ತವೆ. ಇವನ್ನೇ ತಮಿಳಿನಲ್ಲಿ 'ಮುದುಮಕ್ಕಳ್ ತಾಳಿ' ಎನ್ನುವುದು. ಗಡಿಗೆಯೊಳಗಿನ ಮೂಳೆ ಪೊಲೀಸರಿಗಿಂತ ಪುರಾತತ್ವ ಇಲಾಖೆಗೆ ಬೇಕಾದದ್ದು. ಕೀಳಡಿ ಪಕ್ಕದ ಕೊಂದಗೈಯಲ್ಲಿ ಸಿಕ್ಕ ಎರಡು ಪುರಾತನ ತಲೆಬುರುಡೆಗಳಿಗೆ 2025ರಲ್ಲಿ ಕಂಪ್ಯೂಟರ್ ಮೂಲಕ ಮುಖ ಕೊಟ್ಟರು. ಮದುರೈ ಕಾಮರಾಜ್ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ಲಿವರ್‌ಪೂಲ್‌ನ ತಜ್ಞರು ಸೇರಿ ಮಾಡಿದ ಕೆಲಸ ಅದು. ಮುಖವೇನೋ ಬಂತು, ಹೆಸರು ಬರಲಿಲ್ಲ. ಬರುವುದೂ ಇಲ್ಲ.

ಇಲ್ಲೇ ಇರುವುದು ಗುಟ್ಟು. ಮೂಳೆ ಎಷ್ಟೇ ಮಾತಾಡಿದರೂ ತನ್ನ ಹೆಸರನ್ನು ಮಾತ್ರ ತಾನಾಗಿ ಹೇಳುವುದಿಲ್ಲ. ಹೆಸರನ್ನು ಬದುಕಿರುವವರೇ ತರಬೇಕು.

ಫೋಟೋ ತಂದುಕೊಟ್ಟ ನ್ಯಾಯ

1935ರಲ್ಲಿ ಸ್ಕಾಟ್ಲೆಂಡಿನ ಒಂದು ಹಳ್ಳದಲ್ಲಿ ತುಂಡುತುಂಡಾದ ದೇಹಗಳು ಸಿಕ್ಕವು. ತಜ್ಞರಾದ ಗ್ಲೇಸ್ಟರ್ ಮತ್ತು ಬ್ರಾಷ್ ಅವನ್ನು ಜೋಡಿಸಿ ಇಬ್ಬರು ಹೆಂಗಸರದು ಎಂದರು. ಆಮೇಲೆ ತಲೆಬುರುಡೆಯ ಚಿತ್ರದ ಮೇಲೆ ಕಾಣೆಯಾಗಿದ್ದ ಹೆಂಗಸಿನ ಸ್ಟುಡಿಯೋ ಫೋಟೋ ಇಟ್ಟು ಹೊಂದಿಸಿ ನೋಡಿದರು. ಕಣ್ಣು, ಮೂಗು, ಗಲ್ಲ ಎಲ್ಲ ಕೂಡಿಬಂತು. ಕೊಂದವನು ಆಕೆಯ ಜೊತೆ ಬಾಳುತ್ತಿದ್ದ ಡಾಕ್ಟರ್ ಬಕ್ ರಕ್ಸ್‌ಟನ್. ಇವನು ಮುಂಬಯಿಯಲ್ಲಿ ಹುಟ್ಟಿದ ಪಾರ್ಸಿ! 1936ರಲ್ಲಿ ಅವನನ್ನು ಗಲ್ಲಿಗೇರಿಸಿದರು. ಬುರುಡೆ-ಫೋಟೋ ಹೊಂದಾಣಿಕೆ ಪರೀಕ್ಷೆ ಪ್ರಸಿದ್ಧವಾದದ್ದು ಆ ಪ್ರಕರಣದಿಂದ.

ನಮ್ಮ ತಮಿಳುನಾಡಿನ ಪ್ರಕರಣವನ್ನು ಹಿರಿಯ ಓದುಗರು ಮರೆತಿರಲಾರರು. 1996ರ ನವೆಂಬರ್‌ನಲ್ಲಿ ಚಿದಂಬರಂ ಬಳಿಯ ಅಣ್ಣಾಮಲೈ ವಿಶ್ವವಿದ್ಯಾಲಯದ ವೈದ್ಯಕೀಯ ವಿದ್ಯಾರ್ಥಿ ಪೊನ್ ನಾವರಸು ಕಾಣೆಯಾದ. ಅತ್ತ ಚೆನ್ನೈನಲ್ಲಿ ಒಂದು ಸಿಟಿ ಬಸ್ಸಿನಲ್ಲಿ ತಲೆಯಿಲ್ಲದ ಮುಂಡ ಸಿಕ್ಕಿತು. ತಲೆ ಸಿಕ್ಕಿದ್ದು ಇತ್ತ ವಿಶ್ವವಿದ್ಯಾಲಯದ ಆವರಣದ ನೀರಿನಲ್ಲಿ. ಹುಡುಗನ ತಂದೆ ಸುಮ್ಮನೆ ಕೂರದೆ ಮಗ ಕಾಣೆಯೆಂದು ದೂರು ಕೊಟ್ಟಿದ್ದರು. ದೂರು ಒಂದು ಠಾಣೆಯಲ್ಲಿ, ಹೆಣ ಇನ್ನೊಂದು ಊರಿನಲ್ಲಿ. ಎರಡೂ ಒಂದಕ್ಕೊಂದು ಸಿಕ್ಕಿದ ಮೇಲೆಯೇ ಪ್ರಕರಣ ಮುಂದೆ ಸಾಗಿತು. ಬುರುಡೆ-ಫೋಟೋ ಹೊಂದಾಣಿಕೆ ಮತ್ತು ಡಿಎನ್‌ಎ ಎರಡೂ ಆದವು. ರ‍್ಯಾಗಿಂಗ್ ಮಾಡಿ ಕೊಂದ ಹಿರಿಯ ವಿದ್ಯಾರ್ಥಿಯನ್ನು ಹೈಕೋರ್ಟ್ ಬಿಟ್ಟರೂ, 2011ರಲ್ಲಿ ಸುಪ್ರೀಂ ಕೋರ್ಟ್ ಆ ಬಿಡುಗಡೆಯನ್ನು ರದ್ದು ಮಾಡಿ ಜೀವಾವಧಿ ಶಿಕ್ಷೆ ಎತ್ತಿಹಿಡಿಯಿತು. 1997ರಲ್ಲಿ ತಮಿಳುನಾಡು ರ‍್ಯಾಗಿಂಗ್ ನಿಷೇಧ ಕಾಯ್ದೆ ಬಂದದ್ದೂ ಆ ಹುಡುಗನ ಸಾವಿನಿಂದಲೇ.

ಕರ್ನಾಟಕದಲ್ಲಿ ಶಾಕೆರೆ ಪ್ರಕರಣ. ಬೆಂಗಳೂರಿನ ರಿಚ್ಮಂಡ್ ರಸ್ತೆಯ ಶ್ರೀಮಂತ ಮಹಿಳೆ ಶಾಕೆರೆ 1991ರಲ್ಲಿ ಕಾಣೆಯಾದರು. ಎರಡನೇ ಗಂಡ ಸ್ವಾಮಿ ಶ್ರದ್ಧಾನಂದ, 'ಅವಳು ವಿದೇಶಕ್ಕೆ ಹೋಗಿದ್ದಾಳೆ' ಎಂದು ಒಂದೊಂದು ಸಲ ಒಂದೊಂದು ಕತೆ ಹೇಳಿದ. ಮಗಳು ಆ ಕತೆಗಳನ್ನು ನಂಬಲಿಲ್ಲ, ಪೊಲೀಸರ ಬೆನ್ನು ಬಿಡಲಿಲ್ಲ. 1994ರ ಮಾರ್ಚ್‌ನಲ್ಲಿ ಅದೇ ಮನೆಯ ಹಿತ್ತಲಿನ ಕಲ್ಲುಚಪ್ಪಡಿಯ ಕೆಳಗೆ ಪೆಟ್ಟಿಗೆಯೊಳಗೆ ಅಸ್ಥಿಪಂಜರ ಸಿಕ್ಕಿತು. ಫೋಟೋ ಹೊಂದಾಣಿಕೆ ಮಾಡಿದರು, ಡಿಎನ್‌ಎ ಪರೀಕ್ಷೆಯೂ ಆಯಿತು. 2008ರಲ್ಲಿ ಸುಪ್ರೀಂ ಕೋರ್ಟ್ ಅವನಿಗೆ ಸಾಯುವವರೆಗೂ ಜೈಲು ಎಂದು ತೀರ್ಪಿತ್ತಿತು.

ಮೂರೂ ಪ್ರಕರಣಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ತಜ್ಞರ ಕೈಚಳಕ ಇದೆ, ನಿಜ. ಆದರೆ ಹೋಲಿಸಿ ನೋಡಲು ಒಂದು ಫೋಟೋ ಇತ್ತು. ನಮ್ಮ ಎರಡು ಪ್ರಕರಣಗಳಲ್ಲಂತೂ ಹುಡುಕುತ್ತಾ ಬಂದ ತಂದೆ ಇದ್ದರು, ಮಗಳಿದ್ದಳು. ಇನ್ನೊಂದು ಮಾತು: ಫೋಟೋ ಹೊಂದಾಣಿಕೆ ಒಂದನ್ನೇ ನಂಬಿ ಶಿಕ್ಷೆ ಕೊಡಲು ನಮ್ಮ ನ್ಯಾಯಾಲಯಗಳು ಒಪ್ಪುವುದಿಲ್ಲ. ಡಿಎನ್‌ಎ, ಒಡವೆ, ಬಟ್ಟೆ, ಸಾಕ್ಷಿಗಳ ಬೆಂಬಲ ಬೇಕು.

ಮುಖವಿದ್ದರೂ ಅನುಮಾನ

2004ರ ಅಕ್ಟೋಬರ್ 18ರ ರಾತ್ರಿ ಪಾಪ್ಪಾರಪಟ್ಟಿ ಬಳಿ ವೀರಪ್ಪನ್ ಹತನಾದದ್ದು ನಮ್ಮ ಕಣ್ಣೆದುರಿನ ಚರಿತ್ರೆ. ಹೆಣವನ್ನು ಧರ್ಮಪುರಿ ಸರ್ಕಾರಿ ಆಸ್ಪತ್ರೆಗೆ ತಂದರು. ದೊಡ್ಡ ಮೀಸೆ ಇರಲಿಲ್ಲ, ಕತ್ತರಿಸಿದ್ದ. ಅಷ್ಟಕ್ಕೇ 'ಇವನು ಅವನಲ್ಲ' ಎಂದು ಟೀ ಅಂಗಡಿಗಳಲ್ಲಿ ವಾದ ಶುರುವಾಯಿತು. ಮೇಟೂರು ಬಳಿಯ ಮೂಲಕ್ಕಾಡಿನಲ್ಲಿ ಮಣ್ಣು ಮಾಡಿದ ಮೇಲೂ ಆ ಮಾತು ಪೂರ್ತಿ ನಿಲ್ಲಲಿಲ್ಲ. ಎರಡು ರಾಜ್ಯಗಳ ಪೊಲೀಸರು ಹುಡುಕುತ್ತಿದ್ದ, ಮುಖ ಮಾಸದ ಮನುಷ್ಯನ ಕತೆಯೇ ಹೀಗಾದರೆ, ಕಾಡಿನಲ್ಲಿ ಸಿಕ್ಕ ಅನಾಮಧೇಯ ಬುರುಡೆಯ ಗತಿ ಏನು?

ಗಡಿಯವರಾದ ನಮ್ಮ ಕಷ್ಟ

ಕಾವೇರಿ ಗಡಿ ಕೇಳಿಕೊಂಡು ಹರಿಯುವುದಿಲ್ಲ. ಆ ದಡದಲ್ಲಿ ನೀರಿಗೆ ಬಿದ್ದವರು ಹೊಗೇನಕಲ್ ಕೆಳಗೆ ಈ ದಡದಲ್ಲಿ ಸಿಗಬಹುದು, ಮೇಟೂರು ಅಣೆಕಟ್ಟೆಯ ಹಿನ್ನೀರಿನಲ್ಲೂ ಸಿಗಬಹುದು. ಕೂಲಿಗೆಂದು ಬೆಂಗಳೂರಿಗೆ, ಕೊಳ್ಳೇಗಾಲಕ್ಕೆ, ಮಾದಪ್ಪನ ಬೆಟ್ಟಕ್ಕೆ ಹೋದವರು ವಾಪಸು ಬಾರದೆ ಇರಬಹುದು. ಕಾಣೆಯಾದವರ ಪ್ರಕಟಣೆ ಒಂದು ಕಡೆ ಕನ್ನಡದಲ್ಲಿ, ಅಪರಿಚಿತ ಶವದ ಪ್ರಕಟಣೆ ಇನ್ನೊಂದು ಕಡೆ ತಮಿಳಿನಲ್ಲಿ. ಎರಡನ್ನೂ ಓದಬಲ್ಲವರು ಯಾರು? ನಾವೇ! ಆದ್ದರಿಂದ ಕೆಲವು ಮಾತು ನೆನಪಿಡೋಣ.

* ಮೂಳೆ ಕಂಡರೆ ಕೈ ಹಾಕಬೇಡಿ, ತೊಳೆಯಬೇಡಿ, ಪೂಜೆ ಮಾಡಿ ಬೇರೆ ಕಡೆ ಹೂಳಬೇಡಿ. ಯಂತ್ರ ನಿಲ್ಲಿಸಿ, ಠಾಣೆಗೂ ಊರಿನ ವಿಎಓಗೂ ತಿಳಿಸಿ. ಮೂಳೆಯಷ್ಟೇ ಮುಖ್ಯ ಸುತ್ತಲಿನ ಮಣ್ಣು, ಗುಂಡಿ, ಬಟ್ಟೆಯ ಚೂರು.

* ಮೂಳೆಯ ಫೋಟೋ ತೆಗೆದು ವಾಟ್ಸ್ಯಾಪ್‌ನಲ್ಲಿ ಹಂಚಬೇಡಿ. ಅಂಗಡಿ ಬೀದಿಗೆ ಬರದೆ ಕೂತ ಆ ಮನುಷ್ಯನನ್ನು ನೆನೆಯಿರಿ.

* ಮನೆಯವರು ಕಾಣೆಯಾದರೆ 'ನಾಲ್ಕು ದಿನ ನೋಡೋಣ, ಮಾನ ಹೋಗುತ್ತದೆ' ಎಂದು ಕಾಯಬೇಡಿ. ಅಪಹರಣ, ಕೊಲೆಯ ಅನುಮಾನ ಇದ್ದರೆ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ 'ನಮ್ಮ ವ್ಯಾಪ್ತಿಯಲ್ಲ' ಎಂದು ವಾಪಸು ಕಳಿಸಲು ಅವಕಾಶ ಕೊಡುವುದಿಲ್ಲ.

* ಮನೆಯ ಪ್ರತಿಯೊಬ್ಬರದೂ ನೇರವಾಗಿ ನೋಡುವ, ಹಲ್ಲು ಕಾಣುವಂತೆ ನಗುವ ಒಂದು ಒಳ್ಳೆಯ ಫೋಟೋ ಇರಲಿ. ಆಧಾರ್ ಕಾರ್ಡಿನ ಮಸುಕು ಫೋಟೋ ಸಾಲದು.

* ಹಳೆಯ ಎಕ್ಸ್-ರೇ, ಹಲ್ಲಿನ ಚಿಕಿತ್ಸೆಯ ಚೀಟಿ ಎಸೆಯಬೇಡಿ. ಮುರಿದ ಕಾಲಿಗೆ ಹಾಕಿದ ರಾಡಿನ ಮೇಲೆ ಕೆಲವೊಮ್ಮೆ ತಯಾರಕರ ಗುರುತು, ಸಂಖ್ಯೆ ಇರುತ್ತದೆ. ಅದೂ ಒಂದು ಸಾಕ್ಷಿಯೇ.

* ಅಪರಿಚಿತ ಶವದ ಪ್ರಕಟಣೆ ಪತ್ರಿಕೆಯಲ್ಲಿ ಕಂಡರೆ ಇನ್ನೊಂದು ಭಾಷೆಯವರಿಗೆ ಓದಿ ಹೇಳಿ.

ಈ ಸಲ ಹಬ್ಬಕ್ಕೆ ಬಂದ ತಂಗಿಯ ಮಗನಿಗೆ ಇದನ್ನೆಲ್ಲ ಹೇಳಿದೆ. ಅವನು ಧಾರಾವಾಹಿ ನಿಲ್ಲಿಸಿ, ಮೊಬೈಲ್ ತೆಗೆದು, "ಅಜ್ಜಿ, ಸ್ವಲ್ಪ ನಗು" ಎಂದ. ಎಂಬತ್ತು ದಾಟಿದ ನಮ್ಮವ್ವ ಬಾಯಿ ತೆರೆದರೆ ಎರಡೇ ಹಲ್ಲು! ಇರಲಿ ಬಿಡಿ, ಆ ಎರಡು ಹಲ್ಲೂ ಗುರುತೇ ತಾನೆ?