‘ನನ್ನ ಕೈಲೆ ಆಗಂಗಿಲ್ಲ’ ಎನ್ನುವ ಮೊದಲು

ಆಸ್ಪತ್ರೆಯಲ್ಲಿ ಮಲಗಿರುವಾಗ ವೈದ್ಯರು ದಿನಕ್ಕೆ ಒಂದೆರಡು ಸಲ ಬಂದು ಮಾತನಾಡಿಸುತ್ತಾರೆ. ಔಷಧಿ ಕೊಡುವಾಗ, ಬಿ.ಪಿ. ನೋಡುವಾಗ ಸಿಸ್ಟರ್‌ಗಳು ನಾಲ್ಕು ಮಾತಾಡುತ್ತಾರೆ. ಬಂಧುಗಳು ಬುತ್ತಿ ತಂದಾಗ ಅರ್ಧ ಗಂಟೆ ಕೂರುತ್ತಾರೆ. ಉಳಿದ ಹೊತ್ತಿನಲ್ಲೆಲ್ಲ ರೋಗಿಯ ಜೊತೆ ಮಾತನಾಡುವುದು ಅವರ ಮನಸ್ಸೇ. ಈ ಒಳಮಾತು ಯಾರ ಕಿವಿಗೂ ಬೀಳುವುದಿಲ್ಲ. ಆದರೆ ರೋಗಿ ಇಂದು ಎದ್ದು ಕೂರುತ್ತಾರೋ ಇಲ್ಲವೋ, ಊಟ ಮಾಡುತ್ತಾರೋ ತಟ್ಟೆ ಸರಿಸುತ್ತಾರೋ ಎಂಬುದನ್ನು ಅನೇಕ ಸಲ ಅದೇ ತೀರ್ಮಾನಿಸುತ್ತದೆ.

“ಇನ್ನ ನನ್ನ ಕೈಲೆ ಆಗಂಗಿಲ್ರಿ ಸಿಸ್ಟರ್.” “ನಮ್ಮಪ್ಪಗೂ ಹಿಂಗ ಆಗಿತ್ತು, ಅವರು ಮ್ಯಾಲೆ ಏಳಲಿಲ್ಲ.” “ವಯಸ್ಸಾತು, ಈಗೇನು ಕಲಿಯೂದು?” ವಾರ್ಡಿನಲ್ಲಿ ಇಂಥ ಮಾತುಗಳನ್ನು ದಿನವೂ ಕೇಳುತ್ತೇವೆ. ಇವು ನಾವೇ ನಮ್ಮ ಕಾಲಿಗೆ ಕಟ್ಟಿಕೊಂಡ ಹಗ್ಗ ಇದ್ದಂತೆ. ಕಟ್ಟಿಕೊಂಡವರೇ ಬಿಚ್ಚಲೂ ಬಲ್ಲರು. ಹೇಗೆಂಬುದನ್ನು ಇಲ್ಲಿ ಸರಳವಾಗಿ ತಿಳಿಸಿದೆ.

ಒಳಮಾತು ದೇಹಕ್ಕೆ ಏನು ಮಾಡುತ್ತದೆ?

ಅಮೆರಿಕದ ಮನೋವೈದ್ಯ ಆರನ್ ಬೆಕ್ ಅವರು 1960ರ ದಶಕದಲ್ಲಿ ಖಿನ್ನತೆಯ ರೋಗಿಗಳ ಮಾತನ್ನು ಗಮನವಿಟ್ಟು ಕೇಳಿದರು. ಅವರ ಮನಸ್ಸಿನಲ್ಲಿ ಕೆಲವು ನಿರಾಶೆಯ ಮಾತುಗಳು ಕರೆಯದೇ ಬರುತ್ತಿದ್ದವು. ರೋಗಿಗಳು ಅವನ್ನು ಪರೀಕ್ಷಿಸದೆ ನಂಬುತ್ತಿದ್ದರು. ಆ ಮಾತುಗಳನ್ನು ಹಿಡಿದು, ‘ಇದು ನಿಜವೇ?’ ಎಂದು ಪ್ರಶ್ನಿಸಲು ಕಲಿಸುವ ಚಿಕಿತ್ಸೆಯನ್ನು ಬೆಕ್ ರೂಪಿಸಿದರು. ಇಂದು ಅದು ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ.

ದೇಹದ ಕಾಯಿಲೆಯಲ್ಲಿಯೂ ಇದು ಹೀಗೆಯೇ ನಡೆಯುತ್ತದೆ. ಸೊಂಟದ ಮೂಳೆ ಮುರಿದು ಆಪರೇಷನ್ ಆದ ಅಜ್ಜಿಯನ್ನು ನೆನೆಯಿರಿ. ‘ಎದ್ದರೆ ಮತ್ತೆ ಬೀಳುತ್ತೇನೆ’ ಎಂದು ಮನಸ್ಸು ಹೇಳುತ್ತದೆ. ಹೆದರಿಕೆಯಾಗುತ್ತದೆ. ಅಜ್ಜಿ ಮಲಗಿಯೇ ಇರುತ್ತಾರೆ. ಕೆಲವೇ ದಿನಗಳಲ್ಲಿ ತೊಡೆಯ ಸ್ನಾಯುಗಳು ಸೊರಗುತ್ತವೆ. ವಾರದ ಮೇಲೆ ಎಬ್ಬಿಸಿದಾಗ ಕಾಲು ನಡುಗುತ್ತದೆ. ‘ನೋಡಿದಿರಾ, ನಾನು ಹೇಳಿರಲಿಲ್ಲವೇ?’ ಎನ್ನುತ್ತದೆ ಮನಸ್ಸು. ಮೊದಲು ಸುಳ್ಳಾಗಿದ್ದ ಮಾತು ಹೀಗೆ ನಿಜದಂತೆ ಕಾಣತೊಡಗುತ್ತದೆ. ಮಲಗಿಯೇ ಇದ್ದರೆ ಬೆನ್ನಿಗೆ ಹಾಸಿಗೆ ಹುಣ್ಣು, ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ರಕ್ತ, ಇವೂ ಬರಬಹುದು. ಆದ್ದರಿಂದ ಈ ಒಂದು ಮಾತನ್ನು ಹಗುರವಾಗಿ ಕಾಣುವಂತಿಲ್ಲ.

ಮೂರು ಸಾಮಾನ್ಯ ನಂಬಿಕೆಗಳು

1. ‘ಆಪರೇಷನ್ ಆಗಿದೆ, ಅಲುಗಾಡಬಾರದು.’ ಸೊಂಟದ ಮೂಳೆಯ ಆಪರೇಷನ್ ಆದ ಬಹುತೇಕ ರೋಗಿಗಳನ್ನು ವೈದ್ಯರ ಒಪ್ಪಿಗೆಯಂತೆ ಮರುದಿನವೇ ಕೂರಿಸಿ, ವಾಕರ್ ಹಿಡಿಸಿ ನಿಲ್ಲಿಸುತ್ತಾರೆ. ಮೂಳೆಗೆ ರಾಡು, ಸ್ಕ್ರೂ ಹಾಕುವುದೇ ಬೇಗ ಎದ್ದು ಓಡಾಡಲಿ ಎಂದು. ಮನಸ್ಸಿಗೆ ಹೀಗೆ ಹೇಳಿಕೊಳ್ಳಿ: ‘ನೋವಿದೆ, ನಿಜ. ಫಿಸಿಯೋಥೆರಪಿಯವರು ಪಕ್ಕದಲ್ಲಿದ್ದಾರೆ. ಈಗ ಹಾಸಿಗೆಯಿಂದ ಕುರ್ಚಿಯವರೆಗೆ ಮಾತ್ರ.’

2. ‘ಇನ್ಸುಲಿನ್ ಅಂದರೆ ಕಡೆಯ ಹಂತ.’ ಸಕ್ಕರೆ ಕಾಯಿಲೆಯವರಲ್ಲಿ ಈ ಭಯ ಬಹಳ. ಇದರಿಂದ ಎಷ್ಟೋ ಜನ ವರ್ಷಗಟ್ಟಲೆ ಇನ್ಸುಲಿನ್ ಮುಂದೂಡುತ್ತಾರೆ. ಅಷ್ಟರಲ್ಲಿ ಕಣ್ಣು, ಮೂತ್ರಪಿಂಡ, ಕಾಲಿನ ನರಗಳಿಗೆ ಹಾನಿ ನಡೆದೇ ಇರುತ್ತದೆ. ಇನ್ಸುಲಿನ್ ನಮ್ಮ ಮೇದೋಜೀರಕ ಗ್ರಂಥಿಯೇ ತಯಾರಿಸುವ ವಸ್ತು. ವರ್ಷಗಳು ಕಳೆದಂತೆ ಅದನ್ನು ತಯಾರಿಸುವ ಜೀವಕೋಶಗಳು ದಣಿಯುತ್ತವೆ, ಆಗ ಹೊರಗಿನಿಂದ ಕೊಡಬೇಕಾಗುತ್ತದೆ. ಇದು ರೋಗಿಯ ತಪ್ಪೂ ಅಲ್ಲ, ಸೋಲೂ ಅಲ್ಲ. ಸೋಂಕು, ಆಪರೇಷನ್ ಇಂಥ ಸಮಯದಲ್ಲಿ ಕೆಲವರಿಗೆ ಸ್ವಲ್ಪ ಕಾಲ ಕೊಟ್ಟು, ನಂತರ ವೈದ್ಯರೇ ನಿಲ್ಲಿಸುವುದೂ ಉಂಟು. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಇನ್ಸುಲಿನ್ ಬೇರ್ಪಡಿಸಲಾಯಿತು. 1922ರ ಜನವರಿಯಲ್ಲಿ ಸಾವಿನ ಅಂಚಿನಲ್ಲಿದ್ದ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಅದನ್ನು ಕೊಟ್ಟರು. ಆತ ಅದರ ನಂತರ 13 ವರ್ಷ ಬದುಕಿದ. ಕಡೆಯ ಹಂತದಲ್ಲಿದ್ದವನನ್ನು ಈ ಔಷಧಿಯೇ ಹಿಂದಕ್ಕೆ ಕರೆತಂದಿತು. ಈಗಿನ ಇನ್ಸುಲಿನ್ ಪೆನ್ನಿನ ಸೂಜಿಗಳಲ್ಲಿ 4 ಮಿಲಿಮೀಟರ್ ಉದ್ದದವೂ ಇವೆ, ಅಂದರೆ ಅರ್ಧ ಸೆಂಟಿಮೀಟರಿಗಿಂತ ಕಡಿಮೆ. ‘ನನಗೆ ಸೂಜಿ ಅಂದರೆ ಭಯ. ಆದರೂ ಇವತ್ತು ಸಿಸ್ಟರ್ ಎದುರಿಗೆ ಒಂದು ಸಲ ನಾನೇ ಹಾಕಿಕೊಳ್ಳುತ್ತೇನೆ’ ಎಂದುಕೊಳ್ಳಿ.

3. ‘ಲಕ್ವಾ ಹೊಡೆದ ಕೈ ಸತ್ತಂತೆಯೇ.’ ಪಾರ್ಶ್ವವಾಯುವಿನಲ್ಲಿ ಹಾನಿಯಾಗುವುದು ಮಿದುಳಿನ ಒಂದು ಭಾಗಕ್ಕೆ. ಒಂದೇ ಕೆಲಸವನ್ನು ಮತ್ತೆ ಮತ್ತೆ ಅಭ್ಯಾಸ ಮಾಡಿದಾಗ ಮಿದುಳಿನ ಉಳಿದ ಭಾಗಗಳು ಆ ಕೆಲಸವನ್ನು ಸ್ವಲ್ಪಮಟ್ಟಿಗೆ ಕಲಿಯಬಲ್ಲವು. ಮೊದಲ 3 ತಿಂಗಳಲ್ಲಿ ಸುಧಾರಣೆ ಹೆಚ್ಚು ವೇಗವಾಗಿರುತ್ತದೆ. ನಂತರ ನಿಧಾನವಾದರೂ ನಿಂತುಬಿಡುವುದಿಲ್ಲ. ಎಲ್ಲರಿಗೂ ಮೊದಲಿನಷ್ಟೇ ಬಲ ಬರುತ್ತದೆಂದು ಹೇಳಲಾಗದು. ಆದರೆ ‘ಏನೂ ಆಗದು’ ಎಂದು ಅಭ್ಯಾಸ ಬಿಟ್ಟವರು ಬರಬಹುದಾಗಿದ್ದಷ್ಟನ್ನೂ ಕಳೆದುಕೊಳ್ಳುತ್ತಾರೆ. ‘ನಿನ್ನೆ ಲೋಟ ಹಿಡಿಯಲು ಆಗಲಿಲ್ಲ, ಇನ್ನೂ ಆಗಿಲ್ಲ’ ಎನ್ನಿ. ‘ಇನ್ನೂ’ ಎಂಬ ಒಂದು ಪದ ನಾಳೆಗೆ ಬಾಗಿಲು ತೆರೆದಿಡುತ್ತದೆ.

ಬರೀ ಸಿಹಿ ಮಾತು ಸಾಲದು

‘ನನಗೆ ಏನೂ ಆಗಿಲ್ಲ, ನಾನು ಪೂರ್ತಿ ಗುಣವಾಗಿದ್ದೇನೆ’ ಎಂದು ನೂರು ಸಲ ಹೇಳಿಕೊಂಡರೆ ಸಾಕಲ್ಲವೇ ಎಂದು ಕೆಲವರು ಕೇಳುತ್ತಾರೆ. ಸಾಲದು. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಜೋಆನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮನ್ನು ತಾವು ಹೊಗಳಿಕೊಳ್ಳುವ ಒಂದು ವಾಕ್ಯವನ್ನು ಜನರಿಂದ ಹೇಳಿಸಿ ನೋಡಿದರು. ತಮ್ಮ ಬಗ್ಗೆ ಮೊದಲೇ ಕೀಳರಿಮೆ ಇದ್ದವರಿಗೆ ಅದರಿಂದ ಮನಸ್ಸು ಇನ್ನೂ ಕುಗ್ಗಿತು. ನಂಬಲಾಗದ ಮಾತನ್ನು ಮನಸ್ಸು ಒಪ್ಪುವುದಿಲ್ಲ, ಒಳಗೇ ಜಗಳ ತೆಗೆಯುತ್ತದೆ. ಆದ್ದರಿಂದ ಒಳಮಾತು ಧೈರ್ಯದ್ದಾಗಿರಬೇಕು, ಜೊತೆಗೆ ನಿಜವೂ ಆಗಿರಬೇಕು.

ನಂಬಿಕೆ ಎಲ್ಲಿಂದ ಬೆಳೆಯುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ವಿವರಿಸಿದ್ದಾರೆ. ಸ್ವತಃ ಮಾಡಿ ಗೆದ್ದ ಅನುಭವ, ನಮ್ಮಂಥವರೇ ಮಾಡಿದ್ದನ್ನು ಕಣ್ಣಾರೆ ಕಾಣುವುದು, ಇತರರ ಪ್ರೋತ್ಸಾಹ, ದೇಹ ಮತ್ತು ಮನಸ್ಸಿನ ನೆಮ್ಮದಿ, ಹೀಗೆ ನಾಲ್ಕು ಮೂಲಗಳು. ಇವುಗಳಲ್ಲಿ ಎಲ್ಲಕ್ಕಿಂತ ಬಲವಾದದ್ದು ಮೊದಲನೆಯದು. ಅದಕ್ಕೇ ಮಾತಿನ ಬೆನ್ನಿಗೆ ಸಣ್ಣದೊಂದು ಕೆಲಸ ಇರಲೇಬೇಕು.

ಹೀಗೆ ಮಾಡಿ ನೋಡಿ

1. ಮಾತನ್ನು ಹಿಡಿಯಿರಿ. ಮನಸ್ಸು ಕುಗ್ಗಿದಾಗ ‘ಈಗ ನಾನು ಏನು ಹೇಳಿಕೊಂಡೆ?’ ಎಂದು ಕೇಳಿಕೊಳ್ಳಿ. ಒಂದು ಚೀಟಿಯಲ್ಲಿ ಬರೆಯಿರಿ. ಬರೆಯಲು ಬಾರದವರು ಜೊತೆಗಿರುವವರಿಗೆ ಬಾಯಿಬಿಟ್ಟು ಹೇಳಿ.

2. ವಿಚಾರಣೆ ಮಾಡಿ. ಇದು ವೈದ್ಯರು ಹೇಳಿದ್ದೋ, ನನ್ನ ಊಹೆಯೋ? ಪಕ್ಕದ ಮನೆಯವರ ಕಾಯಿಲೆ ಮತ್ತು ನನ್ನದು ಒಂದೆಯೋ? ಸಂಶಯವಿದ್ದರೆ ರೌಂಡ್ಸ್ ಸಮಯದಲ್ಲಿ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

3. ಮಾತನ್ನು ತಿದ್ದಿ. ‘ಎಂದಿಗೂ’, ‘ಏನೂ’, ‘ಎಲ್ಲಾ ಮುಗಿಯಿತು’ ಎಂಬ ಪದಗಳನ್ನು ತೆಗೆಯಿರಿ. ‘ಇವತ್ತು’, ‘ಇನ್ನೂ’, ‘ಇಷ್ಟು ಮಾತ್ರ’ ಎಂಬ ಪದಗಳನ್ನು ಸೇರಿಸಿ.

4. ಹೆಸರು ಹಿಡಿದು ಕರೆದುಕೊಳ್ಳಿ. ‘ಶಾಂತವ್ವ, ನಿನ್ನೆ ಹತ್ತು ಹೆಜ್ಜಿ ಇಟ್ಟೀದಿ, ಇವತ್ತೂ ಇಡು’ ಎಂದು ಬೇರೆಯವರಿಗೆ ಹೇಳಿದಂತೆ ತಮಗೇ ಹೇಳಿಕೊಂಡರೆ ಗಾಬರಿ ತಗ್ಗುತ್ತದೆ. ಅಮೆರಿಕದ ಈಥನ್ ಕ್ರಾಸ್ ಮತ್ತು ಸಂಗಡಿಗರ 2014ರ ಅಧ್ಯಯನಗಳಲ್ಲಿ ಇದು ಕಂಡುಬಂದಿದೆ. ನಮ್ಮ ಹಿರಿಯರಿಗೂ ಈ ರೂಢಿ ಹೊಸದಲ್ಲ.

5. ಕೂಡಲೇ ಒಂದು ಸಣ್ಣ ಕೆಲಸ ಮಾಡಿ. ವೈದ್ಯರು ಹೇಳಿದ ಮಿತಿಯೊಳಗೆ ಎರಡು ಹೆಜ್ಜೆ, ನಾಲ್ಕು ತುತ್ತು, ಐದು ಸಲ ದೀರ್ಘ ಉಸಿರು, ಯಾವುದಾದರೂ ಸರಿ. ಮಾಡಿದ್ದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಹನಿಹನಿ ಕೂಡಿದರೆ ಹಳ್ಳ. ವಾರದ ಕೊನೆಗೆ ಆ ಗುರುತುಗಳೇ ಮನಸ್ಸಿಗೆ ಸಾಕ್ಷಿ ಹೇಳುತ್ತವೆ.

ಜೊತೆಗಿರುವ ಬಂಧುಗಳಿಗೆ

ನೀವು ಹಾಸಿಗೆಯ ಪಕ್ಕ ಆಡುವ ಮಾತು ರೋಗಿಯ ಒಳಮಾತಾಗುತ್ತದೆ. ‘ಪಾಪ, ಇನ್ನೇನು ಉಳಿದಿದೆ’ ಎಂದು ನೋಡಲು ಬಂದವರೊಡನೆ ಪಿಸುಗುಟ್ಟಬೇಡಿ. ಕಣ್ಣು ಮುಚ್ಚಿದವರಿಗೂ ಕಿವಿ ಕೇಳಿಸುತ್ತಿರಬಹುದು. ‘ಅಳಬ್ಯಾಡ, ಧೈರ್ಯ ಇರಲಿ’ ಎಂದು ಬಾಯಿ ಮುಚ್ಚಿಸುವ ಬದಲು ಅವರ ಹೆದರಿಕೆಯನ್ನು ಪೂರ್ತಿ ಕೇಳಿ. ಪ್ರೀತಿಯಿಂದಲೇ ಆದರೂ ಅವರು ಮಾಡಬಲ್ಲ ಕೆಲಸವನ್ನು ನೀವು ಮಾಡಿಬಿಡಬೇಡಿ. ತುತ್ತು ಎತ್ತಲು ಹತ್ತು ನಿಮಿಷ ಹಿಡಿದರೂ ತಾವೇ ಉಣ್ಣಲಿ, ನೀವು ಪಕ್ಕದಲ್ಲಿರಿ. ‘ಮೊನ್ನೆ ಇಬ್ಬರು ಹಿಡಿಯಬೇಕಿತ್ತು, ಇವತ್ತು ಒಬ್ಬರು ಸಾಕಾಯಿತು’ ಎಂದು ಕಂಡದ್ದನ್ನೇ ಹೇಳಿ. ಅದೇ ಕಾಯಿಲೆಯಿಂದ ಚೇತರಿಸಿಕೊಂಡವರು ಊರಿನಲ್ಲಿದ್ದರೆ ಕರೆತಂದು ಮಾತನಾಡಿಸಿ. ಅವರ ಒಂದು ಮಾತು ನಮ್ಮ ಹತ್ತು ಮಾತಿಗೆ ಸಮ.

ಗಮನದಲ್ಲಿರಲಿ

ಒಳ್ಳೆಯ ಒಳಮಾತು ಔಷಧಿಗೆ ಬದಲಿಯಲ್ಲ, ಅದರ ಜೊತೆಗಾರ. ಮಾತ್ರೆ, ಇನ್ಸುಲಿನ್, ಪಥ್ಯ ಯಾವುದನ್ನೂ ನೀವಾಗಿಯೇ ಬಿಡಬೇಡಿ. ಎದೆನೋವು, ಉಸಿರುಗಟ್ಟುವಿಕೆ, ತಲೆಸುತ್ತು, ಕಾಲಿನ ಬಾವು ಕಂಡರೆ ‘ಏನಿಲ್ಲ’ ಎಂದು ಮನಸ್ಸನ್ನು ಸಮಾಧಾನ ಮಾಡುತ್ತ ಕೂರದೆ ತಕ್ಷಣ ಸಿಸ್ಟರ್ ಅನ್ನು ಕರೆಯಿರಿ. ಗುಣವಾಗದ ಕಾಯಿಲೆ ಇದ್ದರೆ ಅದು ಮನಸ್ಸು ಗಟ್ಟಿ ಮಾಡದ ಕಾರಣ ಎಂದು ಯಾರನ್ನೂ ದೂರಬೇಡಿ. ಕಾಯಿಲೆ ಬರುವುದು ಯಾರ ಮನಸ್ಸಿನ ತಪ್ಪಿನಿಂದಲೂ ಅಲ್ಲ.

ಎರಡು ವಾರಕ್ಕೂ ಮೀರಿ ದಿನವೂ ಬೇಸರ, ನಿದ್ರೆ ಬಾರದಿರುವುದು, ಊಟ ಸೇರದಿರುವುದು ಇದ್ದರೆ ಅದು ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆಯಿದೆ, ವೈದ್ಯರಿಗೆ ತಿಳಿಸಿ. ಬದುಕು ಬೇಡವೆನಿಸಿದರೆ ಒಂದು ದಿನವೂ ಕಾಯಬೇಡಿ, ರೋಗಿಯನ್ನು ಒಂಟಿಯಾಗಿ ಬಿಡಬೇಡಿ. 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲಿಯೇ ಮಾತನಾಡಬಹುದು.

ಇಂದು ರಾತ್ರಿ ದೀಪ ಆರಿಸುವ ಮೊದಲು ಈ ದಿನ ನೀವು ಮಾಡಿದ ಒಂದು ಕೆಲಸವನ್ನು ನೆನೆದು, ನಿಮ್ಮ ಹೆಸರು ಹಿಡಿದು ‘ಇಷ್ಟು ಆಯಿತು’ ಎಂದು ಹೇಳಿಕೊಳ್ಳಿ. ನಾಳೆ ಬೆಳಿಗ್ಗೆ ಸಿಸ್ಟರ್ ಬಂದಾಗ ಅದನ್ನು ಅವರಿಗೂ ಹೇಳಿ. ನಿಮಗೆ ಬೇಗ ಆರೋಗ್ಯ ಭಾಗ್ಯ ದೊರೆಯಲಿ.