ಹೆಸರಿಗೆಷ್ಟು, ಪರದೆಗೆಷ್ಟು?

ಅಳತೆಯಲ್ಲಿ ಒಂದೇ ಆಗಿರುವ, ಅಂಗಡಿಯ ಬೆಳಕಿನಲ್ಲಿ ಮೇಲ್ನೋಟಕ್ಕೆ ಒಂದೇ ಬಗೆಯ ಚಿತ್ರವನ್ನು ತೋರಿಸುವ ಎರಡು ಕಂಪ್ಯೂಟರ್ ಮಾನಿಟರ್‌ಗಳ ಬೆಲೆಯಲ್ಲಿ ಐದಾರು ಪಟ್ಟು ಅಂತರವಿರುವುದು ಇಂದು ಸಾಮಾನ್ಯ ಸಂಗತಿ. ಆಪಲ್ ಕಂಪನಿ 2022ರ ಮಾರ್ಚ್‌ನಲ್ಲಿ ಹೊರತಂದ 27 ಇಂಚಿನ ಸ್ಟುಡಿಯೋ ಡಿಸ್‌ಪ್ಲೇಗೆ ಭಾರತದಲ್ಲಿ ನಿಗದಿಯಾದ ಆರಂಭಿಕ ಬೆಲೆ 1,59,900 ರೂಪಾಯಿಯಾಗಿದ್ದರೆ, ಅದೇ 27 ಇಂಚಿನ 4ಕೆ ಮಾನಿಟರ್‌ಗಳು ಮೂವತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲೇ ದೊರೆಯುತ್ತವೆ. ಇದೆಲ್ಲ ಬರಿಯ ಹೆಸರಿನ ಬೆಲೆ ಎಂದು ತಳ್ಳಿಹಾಕುವುದೂ ದುಬಾರಿಯಾದದ್ದು ಒಳ್ಳೆಯದೇ ಇರಬೇಕೆಂದು ನಂಬುವುದೂ ಒಂದೇ ತೆರನಾದ ಅವಸರದ ತೀರ್ಮಾನಗಳು. ದುಬಾರಿ ಮಾನಿಟರಿನಲ್ಲಿ ಗಿರಾಕಿ ಕೊಳ್ಳುವುದು ಬಹುಮಟ್ಟಿಗೆ ಒಂದು ಭರವಸೆಯನ್ನು: ಪರದೆಯ ಎಡಮೂಲೆಯಲ್ಲಿ ಕಂಡ ಬಣ್ಣವೇ ಬಲಮೂಲೆಯಲ್ಲೂ ಕಾಣುತ್ತದೆ, ಇಂದು ಕಂಡದ್ದೇ ಮೂರು ವರ್ಷದ ನಂತರವೂ ಕಾಣುತ್ತದೆ ಎಂಬ ಭರವಸೆ. ಆ ಭರವಸೆಯನ್ನು ದಿನದ ಕೆಲಸದಲ್ಲಿ ಬಳಸಿಕೊಳ್ಳುವವರಿಗೆ ಮಾತ್ರ ಅದರ ಬೆಲೆ ದಕ್ಕುತ್ತದೆ.

ಮಾನಿಟರಿನ ಹೃದಯವೆಂದರೆ ಪ್ಯಾನೆಲ್, ಅಂದರೆ ಎರಡು ಗಾಜಿನ ಪದರಗಳ ನಡುವೆ ದ್ರವಸ್ಫಟಿಕವನ್ನು ತುಂಬಿ, ಹಿಂದಿನಿಂದ ಎಲ್‌ಇಡಿ ಬೆಳಕನ್ನು ಹಾಯಿಸುವ ಫಲಕ. ಮಾನಿಟರ್ ಮಾರುವ ಹೆಚ್ಚಿನ ಕಂಪನಿಗಳು ಈ ಫಲಕವನ್ನು ತಾವೇ ತಯಾರಿಸುವುದಿಲ್ಲ. ಎಲ್‌ಜಿ ಡಿಸ್‌ಪ್ಲೇ, ಬಿಒಇ, ಎಯು ಆಪ್ಟ್ರಾನಿಕ್ಸ್, ಇನೊಲಕ್ಸ್‌ನಂಥ ಕೆಲವೇ ಬೃಹತ್ ಕಾರ್ಖಾನೆಗಳಿಂದ ಕೊಂಡು, ತಮ್ಮ ವಿದ್ಯುನ್ಮಂಡಲ, ಚೌಕಟ್ಟು, ಸ್ಟ್ಯಾಂಡ್‌ಗಳನ್ನು ಕೂಡಿಸಿ ಮಾರುತ್ತವೆ. ಹೀಗಾಗಿ ಅಗ್ಗದ ಹೆಸರಿನ ಹಿಂದೆಯೂ ದುಬಾರಿ ಹೆಸರಿನ ಹಿಂದೆಯೂ ಒಂದೇ ಕಾರ್ಖಾನೆಯ ಗಾಜು ಇರಬಹುದು. ಆದರೆ ಗಾಜು ಒಂದೇ ಎಂದಮಾತ್ರಕ್ಕೆ ಮಾನಿಟರ್ ಒಂದೇ ಆಗುವುದಿಲ್ಲ. ಒಂದೇ ಗದ್ದೆಯ ಅಕ್ಕಿಯನ್ನು ಜರಡಿ ಹಿಡಿದು, ಕೇರಿ, ನುಚ್ಚು ಬೇರ್ಪಡಿಸಿದಾಗ ಬೆಲೆ ಬೇರೆಯಾಗುವಂತೆ, ಇಲ್ಲಿಯೂ ಆಯ್ದು ವಿಂಗಡಿಸುವ ಕೆಲಸಕ್ಕೆ ತನ್ನದೇ ಆದ ಖರ್ಚಿದೆ.

ವಿಂಗಡಣೆಯ ಮೊದಲ ವಿಷಯ ಪಿಕ್ಸೆಲ್‌ಗಳ ದೋಷ. 4ಕೆ ಪರದೆಯಲ್ಲಿ 3840 × 2160, ಅಂದರೆ ಸುಮಾರು 83 ಲಕ್ಷ ಪಿಕ್ಸೆಲ್‌ಗಳಿದ್ದು, ಪ್ರತಿಯೊಂದರಲ್ಲೂ ಕೆಂಪು, ಹಸಿರು, ನೀಲಿ ಎಂಬ ಮೂರು ಉಪಘಟಕಗಳಿರುವುದರಿಂದ, ಸುಮಾರು ಎರಡೂವರೆ ಕೋಟಿ ಘಟಕಗಳಲ್ಲಿ ಒಂದೂ ಕೆಡದಂತೆ ತಯಾರಿಸುವುದು ಕಷ್ಟ. ಆದ್ದರಿಂದಲೇ ಐಎಸ್‌ಒ 9241-307 ಎಂಬ ಅಂತರರಾಷ್ಟ್ರೀಯ ಮಾನದಂಡವು, ಹತ್ತು ಲಕ್ಷ ಪಿಕ್ಸೆಲ್‌ಗಳಿಗೆ ಎಷ್ಟು ದೋಷಗಳನ್ನು ಸಹಿಸಬಹುದೆಂಬುದರ ಮೇಲೆ ಪರದೆಗಳನ್ನು ದರ್ಜೆಗಳಾಗಿ ವಿಂಗಡಿಸುತ್ತದೆ. ಅಗ್ಗದ ಮಾನಿಟರಿನಲ್ಲಿ ಸದಾ ಉರಿಯುವ ಒಂದೆರಡು ಚುಕ್ಕೆಗಳಿದ್ದರೆ ಅದನ್ನು ದೋಷವೆಂದು ಒಪ್ಪದಿರಲು ಕಂಪನಿಗೆ ನಿಯಮದ ಆಸರೆಯಿರುತ್ತದೆ. ಡೆಲ್ ಕಂಪನಿಯ ಅಲ್ಟ್ರಾಶಾರ್ಪ್ ಸರಣಿಯಂಥವು ವಾರಂಟಿ ಅವಧಿಯಲ್ಲಿ ಒಂದೇ ಒಂದು ಉರಿಯುವ ಚುಕ್ಕೆ ಕಂಡರೂ ಮಾನಿಟರನ್ನು ಬದಲಾಯಿಸಿಕೊಡುವ ವಚನ ನೀಡುತ್ತವೆ, ಮತ್ತು ಆ ವಚನವನ್ನು ಉಳಿಸಿಕೊಳ್ಳುವ ಖರ್ಚು ಪ್ರತಿ ಮಾನಿಟರಿನ ಬೆಲೆಯಲ್ಲೂ ಮೊದಲೇ ಸೇರಿರುತ್ತದೆ.

ಎರಡನೆಯದು ಬಣ್ಣದ ನಿಖರತೆ. ತೋರಿಸಬೇಕಾದ ಬಣ್ಣಕ್ಕೂ ತೋರಿದ ಬಣ್ಣಕ್ಕೂ ಇರುವ ಅಂತರವನ್ನು ಡೆಲ್ಟಾ ಇ ಎಂಬ ಅಂಕಿಯಿಂದ ಅಳೆಯುತ್ತಾರೆ. ಅದು 1ರ ಸುತ್ತಮುತ್ತ ಇದ್ದಾಗ ಪಳಗಿದ ಕಣ್ಣಿಗೂ ವ್ಯತ್ಯಾಸ ಕಷ್ಟದಿಂದ ಗೊತ್ತಾಗುತ್ತದೆ. ಇಂದು ಮಧ್ಯಮ ಬೆಲೆಯ ಅನೇಕ ಮಾನಿಟರ್‌ಗಳ ಪೆಟ್ಟಿಗೆಯಲ್ಲೂ ಈ ಅಂಕಿ 2ಕ್ಕಿಂತ ಕಡಿಮೆಯೆಂದು ಸಾರುವ ಕಾರ್ಖಾನೆಯ ಚೀಟಿ ಇರುತ್ತದೆ. ಆದರೆ ಅದು ಕಾರ್ಖಾನೆ ಬಿಟ್ಟ ದಿನದ ಮಾತು. ಹಿಂಬೆಳಕಿನ ಎಲ್‌ಇಡಿಗಳು ಬಳಕೆಯೊಡನೆ ಮಂಕಾಗುತ್ತವೆ, ಪರದೆ ಬಿಸಿಯಾದಂತೆ ಪ್ರಕಾಶ ಬದಲಾಗುತ್ತದೆ, ವರ್ಷಗಳು ಕಳೆದಂತೆ ಬಿಳಿಯ ಛಾಯೆ ಅತ್ತಿತ್ತ ಸರಿಯುತ್ತದೆ. ಈ ಚಲನೆಯನ್ನು ಹಿಡಿದು ನಿಲ್ಲಿಸುವುದೇ ನಿಜವಾದ ದುಬಾರಿ ಕೆಲಸ. ಜಪಾನಿನ ಇಶಿಕಾವಾ ಪ್ರಾಂತದಲ್ಲಿ 1968ರಲ್ಲಿ ಆರಂಭವಾಗಿ, ನಾನಾವೋ ಎಂಬ ಹೆಸರಿನಲ್ಲಿ ಬೆಳೆದು, 2013ರಲ್ಲಿ ತನ್ನ ಬ್ರ್ಯಾಂಡಿನ ಹೆಸರನ್ನೇ ಕಂಪನಿಗೂ ಇಟ್ಟುಕೊಂಡ ಐಜೋ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಕಲರ್‌ಎಡ್ಜ್ ಸರಣಿಯ ಮೇಲ್ದರ್ಜೆಯ ಮಾನಿಟರ್‌ಗಳಲ್ಲಿ ಬಣ್ಣವನ್ನು ಅಳೆದು ತಾನೇ ತಿದ್ದಿಕೊಳ್ಳುವ ಸಂವೇದಕ ಚೌಕಟ್ಟಿನಲ್ಲೇ ಅಡಗಿರುತ್ತದೆ, ಪರದೆಯ ಎಲ್ಲ ಭಾಗಗಳ ಪ್ರಕಾಶವನ್ನು ಸಮಗೊಳಿಸುವ ವ್ಯವಸ್ಥೆಯಿರುತ್ತದೆ, ವಾರಂಟಿ 5 ವರ್ಷದ್ದು. ಇದೇ ಕಂಪನಿ ಆಸ್ಪತ್ರೆಗಳಿಗೂ ಮಾನಿಟರ್ ತಯಾರಿಸುತ್ತದೆ. ಎಕ್ಸ್-ರೇ ಚಿತ್ರದ ಬೂದುಬಣ್ಣದ ಮೆಟ್ಟಿಲುಗಳು ಎಲ್ಲ ಪರದೆಗಳಲ್ಲೂ ಒಂದೇ ರೀತಿ ಕಾಣಬೇಕೆಂದು ಡೈಕಾಮ್ ಮಾನದಂಡ ವಿಧಿಸುವ ಆ ಕ್ಷೇತ್ರದಲ್ಲಿ, ಶ್ವಾಸಕೋಶದ ಮೂಲೆಯ ತೆಳು ನೆರಳೊಂದು ಕಾಣುವುದೋ ಕಾಣದಿರುವುದೋ ಎಂಬುದರ ಮೇಲೆ ರೋಗಿಯ ಜೀವ ನಿಂತಿರಬಹುದಾದ್ದರಿಂದ, ಬೆಲೆಯ ಚರ್ಚೆಗೆ ಹೆಚ್ಚು ಅವಕಾಶವಿಲ್ಲ.

ಬಣ್ಣದ ನಿಖರತೆ ಒಂದು, ಬಣ್ಣದ ವ್ಯಾಪ್ತಿ ಇನ್ನೊಂದು. ಜಾಹೀರಾತುಗಳು ಇವೆರಡನ್ನು ಬೆರೆಸುವುದರಿಂದ ಗಿರಾಕಿಗಳು ಅತಿ ಹೆಚ್ಚು ಹಣ ಕಳೆದುಕೊಳ್ಳುವುದು ಇಲ್ಲಿಯೇ. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಮುಂದಿಟ್ಟ ಎಸ್‌ಆರ್‌ಜಿಬಿ ಎಂಬ ವ್ಯಾಪ್ತಿ ಇಂದಿಗೂ ಜಾಲತಾಣಗಳ ಮತ್ತು ಕಚೇರಿ ಕೆಲಸದ ಆಧಾರ. ಸಿನಿಮಾ ಲೋಕದಿಂದ ಬಂದ ಪಿ3 ವ್ಯಾಪ್ತಿ ಅದಕ್ಕಿಂತ ಸುಮಾರು ಕಾಲುಭಾಗ ದೊಡ್ಡದು. ಚಲನಚಿತ್ರದ ಬಣ್ಣ ತಿದ್ದುವವರಿಗೆ ಇದು ಬೇಕೇ ಬೇಕು. ಆದರೆ ದಿನಪತ್ರಿಕೆಯ ಪುಟ ಕಟ್ಟುವವರ ಮಟ್ಟಿಗೆ, ಪತ್ರಿಕಾ ಕಾಗದದ ಮೇಲೆ ಶಾಯಿಯಿಂದ ಮೂಡಿಸಬಹುದಾದ ಬಣ್ಣಗಳು ಎಸ್‌ಆರ್‌ಜಿಬಿಗಿಂತಲೂ ಎಷ್ಟೋ ಕಿರಿದಾಗಿರುವುದರಿಂದ, ಹೆಚ್ಚಿನ ವ್ಯಾಪ್ತಿಗೆ ಕೊಟ್ಟ ಹಣ ಮುದ್ರಣಯಂತ್ರವನ್ನು ತಲುಪುವುದೇ ಇಲ್ಲ. ಬಣ್ಣ ನಿರ್ವಹಣೆ ಇಲ್ಲದ ತಂತ್ರಾಂಶಗಳಲ್ಲಿ ವಿಶಾಲ ವ್ಯಾಪ್ತಿಯ ಪರದೆ ಮುಖಗಳನ್ನು ಇರುವುದಕ್ಕಿಂತ ಕೆಂಪಗೆ ತೋರಿಸಿ ದಾರಿ ತಪ್ಪಿಸುವುದೂ ಉಂಟು.

ಕನ್ನಡದಲ್ಲಿ ಓದುವ, ಬರೆಯುವ, ಕರಡು ತಿದ್ದುವ ಜನರಿಗೆ ಹಣ ಕೊಡಲು ಯೋಗ್ಯವಾದ ಗುಣ ಬೇರೊಂದಿದೆ. ಅದು ಪಿಕ್ಸೆಲ್ ಸಾಂದ್ರತೆ, ಎಂದರೆ ಒಂದು ಇಂಚಿನ ಉದ್ದದಲ್ಲಿ ಎಷ್ಟು ಪಿಕ್ಸೆಲ್‌ಗಳಿವೆ ಎಂಬ ಲೆಕ್ಕ. 24 ಇಂಚಿನ ಸಾಮಾನ್ಯ ಫುಲ್ ಎಚ್‌ಡಿ ಪರದೆಯಲ್ಲಿ ಇದು ಸುಮಾರು 92, 27 ಇಂಚಿನ 2560 × 1440 ಪರದೆಯಲ್ಲಿ 109, ಅದೇ ಅಳತೆಯ 4ಕೆಯಲ್ಲಿ 163, ಸ್ಟುಡಿಯೋ ಡಿಸ್‌ಪ್ಲೇಯಂಥ 5ಕೆ (5120 × 2880) ಪರದೆಯಲ್ಲಿ 218. ಇಂಗ್ಲಿಷ್ ಅಕ್ಷರಗಳು ಬಹುಪಾಲು ನೇರ ಗೆರೆಗಳಿಂದ ಆದವು, ಒಂದೇ ಸಾಲಿನಲ್ಲಿ ನಿಲ್ಲುವಂಥವು, ಆದ್ದರಿಂದ 92ರಲ್ಲೂ ತಕ್ಕಮಟ್ಟಿಗೆ ಓದಿಸಿಕೊಳ್ಳುತ್ತವೆ. ಕನ್ನಡದ ಅಕ್ಷರ ಹಾಗಲ್ಲ: ಮೇಲೆ ತಲೆಕಟ್ಟು, ನಡುವೆ ದುಂಡನೆಯ ಒಡಲು, ಕೆಳಗೆ ಒತ್ತಕ್ಷರ, ಬದಿಯಲ್ಲಿ ಅರ್ಕಾವೊತ್ತು ಅಥವಾ ದೀರ್ಘ. 12 ಪಾಯಿಂಟ್ ಗಾತ್ರದ ಅಕ್ಷರವನ್ನು ಮುದ್ರಣದಲ್ಲಿ ಬರುವಷ್ಟೇ ಗಾತ್ರಕ್ಕೆ 92ರ ಪರದೆಯಲ್ಲಿ ತೋರಿಸಿದರೆ, ತಲೆಯಿಂದ ಬುಡದವರೆಗೆ ಅದಕ್ಕೆ ಸಿಗುವುದು ಸುಮಾರು 15 ಪಿಕ್ಸೆಲ್; ಅದರಲ್ಲಿ ಮೂರನೇ ಒಂದು ಪಾಲು ಒತ್ತಿಗೆ ಹೋದರೆ, ‘ಸ್ವಾತಂತ್ರ್ಯ’ ಪದದ ಕೊನೆಯಲ್ಲಿ ಜೊತೆಯಾಗಿ ನಿಲ್ಲಬೇಕಾದ ರ ಒತ್ತು, ಯ ಒತ್ತುಗಳು ಐದು ಪಿಕ್ಸೆಲ್ ಎತ್ತರದಲ್ಲಿ ಒಂದು ಬೂದು ಗಂಟಾಗಿ ಬಿಡುತ್ತವೆ. ‘ದನ’ಕ್ಕೂ ‘ಧನ’ಕ್ಕೂ ಇರುವ ಭೇದ ಶಾಲೆಯಲ್ಲಿ ಹೊಟ್ಟೆ ಸೀಳುವುದೆಂದು ಕಲಿಸುವ ಒಂದು ಕಿರುಗೆರೆ, ‘ಅರ್ಥ’ ಮತ್ತು ‘ಅರ್ಧ’ಗಳನ್ನು ಬೇರ್ಪಡಿಸುವುದು ಒಡಲೊಳಗಿನ ಒಂದು ಚುಕ್ಕೆ. ಕಡಿಮೆ ಸಾಂದ್ರತೆಯ ಪರದೆಯಲ್ಲಿ ಆ ಚುಕ್ಕೆಗೆ ಒಂದು ಪೂರ್ತಿ ಪಿಕ್ಸೆಲ್ ಕೂಡ ಸಿಗದಿರಬಹುದು. ಕರಡು ತಿದ್ದುವವರು ಇಂಥಲ್ಲಿ ಅಕ್ಷರವನ್ನು ನೋಡಿ ಓದುವುದಿಲ್ಲ, ವಾಕ್ಯದಿಂದ ಊಹಿಸಿ ಓದುತ್ತಾರೆ, ಮತ್ತು ತಪ್ಪುಗಳು ಮುದ್ರಣದವರೆಗೆ ನುಸುಳುವುದು ಊಹೆ ಸರಿಯೆನಿಸಿದ ಕಡೆಗಳಲ್ಲೇ. ಅಕ್ಷರವನ್ನು ಹಿಗ್ಗಿಸಿ ಓದಬಹುದೆಂಬುದು ನಿಜ, ಆದರೆ ಹಾಗೆ ಹಿಗ್ಗಿಸಿದಾಗ ಪುಟದ ಅರ್ಧಭಾಗ ಪರದೆಯಾಚೆ ಹೋಗುವುದರಿಂದ, ದಿನವಿಡೀ ಪುಟ ಸರಿಸುವ ಶ್ರಮ ಅದರ ಬೆನ್ನಿಗೇ ಬರುತ್ತದೆ.

ಹಾಗಾದರೆ ಸಾಂದ್ರತೆ ಎಷ್ಟಿದ್ದರೆ ಸಾಕು? ಆರೋಗ್ಯವಂತ ಕಣ್ಣು ಬೇರ್ಪಡಿಸಿ ಕಾಣಬಲ್ಲ ಅತಿ ಕಿರಿದಾದ ಕೋನವನ್ನು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗವೆಂದು ವೈದ್ಯರು ಎಣಿಸುತ್ತಾರೆ. 60 ಸೆಂಟಿಮೀಟರ್ ದೂರದಲ್ಲಿ ಅದು ಸುಮಾರು 0.175 ಮಿಲಿಮೀಟರ್ ಆಗುತ್ತದೆ. 27 ಇಂಚಿನ 4ಕೆ ಪರದೆಯ ಪಿಕ್ಸೆಲ್ 0.156 ಮಿಲಿಮೀಟರ್ ಇರುವುದರಿಂದ ಅದು ಈ ಗೆರೆಯನ್ನು ಆಗಲೇ ದಾಟಿದೆ. ಎಂದರೆ, ಮೇಜಿನ ಮುಂದೆ ಕುಳಿತು ಕನ್ನಡ ಓದುವವರಿಗೆ ಬೇಕಾದ ಸ್ಫುಟತೆಯ ಬಹುಪಾಲು ಮೂವತ್ತು ಸಾವಿರ ರೂಪಾಯಿಯ ಮಾನಿಟರಿನಲ್ಲೇ ಸಿಕ್ಕಿಬಿಡುತ್ತದೆ. 5ಕೆ ಕೊಡುವ ಹೆಚ್ಚುವರಿ ನುಣುಪು ಸುಳ್ಳಲ್ಲವಾದರೂ, 92ರಿಂದ 163ಕ್ಕೇರುವ ಮೊದಲ ಜಿಗಿತದಷ್ಟು ದೊಡ್ಡದಲ್ಲ. ಇದಕ್ಕೆ ಒಂದು ಅಪವಾದವಿದೆ. ಮ್ಯಾಕ್ ಕಂಪ್ಯೂಟರ್‌ಗಳ ಕಾರ್ಯಾಚರಣಾ ವ್ಯವಸ್ಥೆ ಅಕ್ಷರಗಳನ್ನು ಸರಿಯಾಗಿ ಎರಡು ಪಟ್ಟು ಹಿಗ್ಗಿಸಿ ಬಿಡಿಸುತ್ತದೆ. 5120 × 2880 ಪರದೆಗೆ ಇದು ಕರಾರುವಾಕ್ಕಾಗಿ ಹೊಂದುತ್ತದೆ, 4ಕೆ ಪರದೆಯಲ್ಲಿ ಅದೇ ಗಾತ್ರ ಬೇಕೆಂದರೆ ಮೊದಲು 5ಕೆ ಚಿತ್ರ ಬಿಡಿಸಿ ಬಳಿಕ ಕುಗ್ಗಿಸಬೇಕಾಗುವುದರಿಂದ ಅಂಚುಗಳು ಕೊಂಚ ಮಸುಕಾಗುತ್ತವೆ. ವಿಂಡೋಸ್ 150 ಪ್ರತಿಶತದಂಥ ಹಿಗ್ಗಿಸುವಿಕೆಯನ್ನು ಬೇರೆ ವಿಧಾನದಲ್ಲಿ ನಿಭಾಯಿಸುವುದರಿಂದ ಅದರ ಬಳಕೆದಾರರಿಗೆ ಈ ಕಾರಣ ಅನ್ವಯಿಸುವುದಿಲ್ಲ.

ಇನ್ನು ಬೆಲೆಯ ಲೆಕ್ಕ. ಸ್ಟುಡಿಯೋ ಡಿಸ್‌ಪ್ಲೇಯ ಅಮೆರಿಕದ ಬೆಲೆ ತೆರಿಗೆ ಹೊರತುಪಡಿಸಿ 1,599 ಡಾಲರ್ ಆಗಿತ್ತು. ಆಗಿನ ಸುಮಾರು 76 ರೂಪಾಯಿಯ ದರದಲ್ಲಿ 18 ಪ್ರತಿಶತ ಜಿಎಸ್‌ಟಿ ಸೇರಿಸಿದರೆ 1.43 ಲಕ್ಷ ರೂಪಾಯಿಯ ಸಮೀಪ ಬರುತ್ತದೆ. ಆ ಬೆಲೆಯಲ್ಲಿ ಕ್ಯಾಮೆರಾ, ಮೂರು ಮೈಕ್, ಆರು ಸ್ಪೀಕರ್‌ಗಳೂ ಸೇರಿದ್ದವು, ಆದರೆ ಪರದೆಯನ್ನು ಎತ್ತರಿಸಿ ತಗ್ಗಿಸುವ ಸ್ಟ್ಯಾಂಡಿಗೆ ಮತ್ತೆ 400 ಡಾಲರ್ ಕೊಡಬೇಕಿತ್ತು, ಅದನ್ನೂ ಕೊಳ್ಳುವಾಗಲೇ ನಿರ್ಧರಿಸಬೇಕಿತ್ತು. ಕತ್ತಿನ ನೋವಿಗೆ ನೇರವಾಗಿ ಸಂಬಂಧಿಸಿದ, ಮಧ್ಯಮ ಬೆಲೆಯ ಅನೇಕ ಮಾನಿಟರ್‌ಗಳು ಜೊತೆಗೇ ಕೊಡುವ ಈ ಸೌಕರ್ಯಕ್ಕೆ ಬೇರೆ ಬೆಲೆ ಕಟ್ಟುವುದನ್ನು ಯಾವ ನೆಲೆಯಿಂದಲೂ ಸಮರ್ಥಿಸಲಾಗದು. ಹತ್ತು ವರ್ಷ, ವರ್ಷಕ್ಕೆ 300 ದಿನ ಬಳಸಿದರೆ 1,59,900 ರೂಪಾಯಿ ದಿನಕ್ಕೆ ಸುಮಾರು 53 ರೂಪಾಯಿಯಾಗುತ್ತದೆ, ಮೂವತ್ತು ಸಾವಿರದ್ದು ಹತ್ತು ರೂಪಾಯಿ. ಈ ಭಾಗಾಕಾರ ದುಬಾರಿ ವಸ್ತುವನ್ನು ಸಮರ್ಥಿಸಲು ಮಾರಾಟಗಾರರು ಮುಂದಿಡುವಂಥದ್ದೇ. ಅದು ನಿಲ್ಲುವುದು ಮಾನಿಟರ್ ಹತ್ತು ವರ್ಷ ಬಾಳಿದರೆ ಮಾತ್ರ. ತಯಾರಕರಿಗೇ ತಮ್ಮ ವಸ್ತುವಿನ ಬಾಳಿಕೆಯಲ್ಲಿ ಎಷ್ಟು ನಂಬಿಕೆಯಿದೆ ಎಂಬುದಕ್ಕೆ ವಾರಂಟಿಯ ಅವಧಿ ಒಳ್ಳೆಯ ಸುಳಿವು. ಐಜೋ ಐದು ವರ್ಷ, ಅಲ್ಟ್ರಾಶಾರ್ಪ್ ಮೂರು ವರ್ಷ ಹೊಣೆ ಹೊರುವಲ್ಲಿ, ಸ್ಟುಡಿಯೋ ಡಿಸ್‌ಪ್ಲೇಯ ಮೂಲ ವಾರಂಟಿ ಒಂದೇ ವರ್ಷದ್ದು.

ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಮಾರುಕಟ್ಟೆಯಲ್ಲಿ ಮಾನಿಟರ್ ಕೊಳ್ಳುವವರಿಗೆ ಅಂಗಡಿಯವರು ತೋರಿಸುವ ಹೂವು, ಗಿಳಿ, ಜಲಪಾತಗಳ ಚಿತ್ರ ಏನನ್ನೂ ಹೇಳುವುದಿಲ್ಲ. ಪರದೆಯನ್ನು ಅರ್ಧ ಗಂಟೆ ಉರಿಯಲು ಬಿಟ್ಟು, ಪೂರ್ತಿ ತಿಳಿಬೂದು ಬಣ್ಣವನ್ನು ತೋರಿಸಿದರೆ ಮೂಲೆಗಳ ಮಂಕು, ಒಂದು ಬದಿಯ ಹಳದಿ ಛಾಯೆ ಬಯಲಾಗುತ್ತವೆ. ಪೂರ್ತಿ ಕಪ್ಪನ್ನು ತೋರಿಸಿದರೆ ಅಂಚಿನಿಂದ ಸೋರುವ ಬೆಳಕೂ ಉರಿಯುವ ಚುಕ್ಕೆಗಳೂ ಕಾಣುತ್ತವೆ. ಆಮೇಲೆ ಒಂದು ಕನ್ನಡ ಪುಟವನ್ನು ತೆರೆದು, ದಿನವೂ ಓದುವ ಗಾತ್ರದಲ್ಲಿ, ದಿನವೂ ಕೂರುವಷ್ಟೇ ದೂರದಿಂದ ‘ರಾಷ್ಟ್ರ’, ‘ವೈಶಿಷ್ಟ್ಯ’, ‘ಅರ್ಥ’, ‘ಅರ್ಧ’ಗಳನ್ನು ನೋಡಬೇಕು, ಪಕ್ಕದ ದುಬಾರಿ ಪರದೆಯಲ್ಲೂ ಅದೇ ಪುಟವನ್ನು ತೆರೆಸಿ ನೋಡಬೇಕು. ‘ಥ’ದೊಳಗಿನ ಚುಕ್ಕೆ ಎರಡೂ ಪರದೆಗಳಲ್ಲಿ ಒಂದೇ ರೀತಿ ಕಂಡರೆ, ಉಳಿದ ಹಣದಲ್ಲಿ ಬಣ್ಣ ಅಳೆಯುವ ಮಾಪಕವೊಂದನ್ನು ಕೊಂಡು, ಕಚೇರಿಯ ಎಲ್ಲ ಮಾನಿಟರ್‌ಗಳನ್ನೂ ತಿಂಗಳಿಗೊಮ್ಮೆ ಅದರಿಂದಲೇ ಸರಿಪಡಿಸಿಕೊಳ್ಳಬಹುದು.