ಕೆಡುಕು ಬಯಸದವರ ತಾರತಮ್ಯ

ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ 2007ರಲ್ಲಿ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಪ್ರಕಟಿಸಿದ ಪ್ರಯೋಗ ತೀರಾ ಸರಳ. ಪತ್ರಿಕೆಗಳಲ್ಲಿ ಬಂದ ಖಾಸಗಿ ನೌಕರಿಯ 548 ಜಾಹೀರಾತುಗಳಿಗೆ ಅವರು 4,808 ಅರ್ಜಿ ಕಳಿಸಿದರು. ಯಾವ ಅರ್ಜಿಯಲ್ಲೂ ಜಾತಿ, ಧರ್ಮ ಬರೆದಿರಲಿಲ್ಲ, ಹೆಸರಷ್ಟೇ ಇತ್ತು. ಸರಿಸಮ ಓದಿನ ಅರ್ಜಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ, ಮೇಲ್ಜಾತಿಯ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಮುಂದಿನ ಹಂತದ ಕರೆ ಬರುವ ಸಾಧ್ಯತೆ ಸುಮಾರು ಮೂರನೇ ಎರಡರಷ್ಟಿತ್ತು. ಮುಸ್ಲಿಂ ಹೆಸರಿಗೆ ಮೂರನೇ ಒಂದರಷ್ಟು. ಈ ಅಂತರ ಕಂಡದ್ದು ಅಷ್ಟೂ ಅರ್ಜಿಗಳನ್ನು ಒಟ್ಟಿಗೆ ಎಣಿಸಿದ್ದರಿಂದ. ಮೇಜಿನ ಮುಂದೆ ಕೂತು ಒಂದೊಂದೇ ಅರ್ಜಿ ತಿರುವಿಹಾಕುವವರಿಗೆ ಅದು ಕಾಣುವುದೇ ಇಲ್ಲ. ಪಕ್ಕಕ್ಕಿಟ್ಟ ಪ್ರತಿ ಅರ್ಜಿಗೂ ಒಪ್ಪುವಂಥ ಒಂದು ಕಾರಣ ಅವರಿಗೆ ಸಿಕ್ಕಿಯೇ ಇರುತ್ತದೆ.

ಅವರು ಬೇಕೆಂದೇ ತಾರತಮ್ಯ ಮಾಡಿದವರು, ಅರಿವಿಲ್ಲದೆ ಎಂದೇಕೆ ವಕಾಲತ್ತು ಎಂದು ಕೇಳಬಹುದು. ಕೆಲವರು ಹಾಗೂ ಇದ್ದಾರು. ಆದರೆ ಸುರಿಂದರ್ ಜೋಧ್ಕಾ ಮತ್ತು ಕ್ಯಾಥರೀನ್ ನ್ಯೂಮನ್ ನೇಮಕಾತಿ ಅಧಿಕಾರಿಗಳನ್ನೇ ಮಾತಾಡಿಸಿದಾಗ ಕಂಡದ್ದು ಬೇರೆ. ಪ್ರತಿಭೆಯೊಂದೇ ಮಾನದಂಡ ಎಂದು ನಂಬಿದ್ದವರೇ ಸಂದರ್ಶನದಲ್ಲಿ ಮನೆತನದ ಹಿನ್ನೆಲೆಯನ್ನೂ ವಿಚಾರಿಸುತ್ತಿದ್ದರು. ತಂದೆ ಏನು ಮಾಡುತ್ತಾರೆ, ಮನೆಯಲ್ಲಿ ಯಾರು ಎಷ್ಟು ಓದಿದ್ದಾರೆ ಎಂಬ ಪ್ರಶ್ನೆಗಳು ಅವರಿಗೆ ಅಭ್ಯರ್ಥಿಯ ಗುಣ ಅಳೆಯುವ ಕೋಲು. ನಮ್ಮಲ್ಲಿ ‘ನೀವು ಯಾರ ಪೈಕಿ?’ ಎಂದರೆ ಕೇಳಿದ್ದು ಜಾತಿ ಎಂದು ಇಬ್ಬರಿಗೂ ಗೊತ್ತು. ಸಂದರ್ಶನದ ಸಭ್ಯ ಪ್ರಶ್ನೆಯಲ್ಲಿ ಕೇಳಿದವರಿಗೇ ಅದು ಗೊತ್ತಿರುವುದಿಲ್ಲ. ಹಿನ್ನೆಲೆ ಚೆನ್ನಾಗಿದ್ದರೆ ಕೆಲಸವೂ ಚೆನ್ನಾಗಿರುತ್ತದಲ್ಲವೇ ಎಂಬ ವಾದವೂ ಉಂಟು. ಓದಿದ ತಂದೆಯಿಲ್ಲದೆ ಅದೇ ಪದವಿ, ಅದೇ ಅಂಕ ಗಳಿಸಿದ ಹುಡುಗಿ ಹೆಚ್ಚು ದೂರ ನಡೆದು ಬಂದವಳು ಎಂಬ ಲೆಕ್ಕ ಈ ವಾದದಲ್ಲಿ ಸೇರುವುದೇ ಇಲ್ಲ.

ತಾರತಮ್ಯ ಉಂಡವರು ತಾರತಮ್ಯ ಮಾಡಲಾರರು ಎಂಬ ಭರವಸೆಯೂ ನಿಲ್ಲುವುದಿಲ್ಲ. 2012ರಲ್ಲಿ ಅಮೆರಿಕದ 127 ವಿಜ್ಞಾನ ಪ್ರಾಧ್ಯಾಪಕರಿಗೆ ಒಂದೇ ಅರ್ಜಿಯನ್ನು ಕೆಲವರಿಗೆ ಜಾನ್, ಉಳಿದವರಿಗೆ ಜೆನ್ನಿಫರ್ ಎಂಬ ಹೆಸರಿನಲ್ಲಿ ಕೊಡಲಾಯಿತು. ಜೆನ್ನಿಫರ್‌ಗೆ ಯೋಗ್ಯತೆಯೂ ಕಡಿಮೆ ಬಿತ್ತು, ಸಂಬಳವೂ. ಬೆಲೆ ಕಟ್ಟಿದವರಲ್ಲಿ ಹೆಂಗಸರೂ ಗಂಡಸರಷ್ಟೇ ತೂಕ ತಪ್ಪಿದ್ದರು.

ಮನಸ್ಸಿನ ಒಳಪದರವನ್ನು ಅಳೆಯುತ್ತೇವೆನ್ನುವ ಕಂಪ್ಯೂಟರ್ ಪರೀಕ್ಷೆಗಳ ಬಗ್ಗೆ ಮನಶ್ಶಾಸ್ತ್ರಜ್ಞರಲ್ಲೇ ತಕರಾರಿದೆ, ಅದು ನ್ಯಾಯವೂ ಹೌದು: ಒಬ್ಬರೇ ಎರಡು ಸಲ ತೆಗೆದುಕೊಂಡರೆ ಎರಡು ಉತ್ತರ ಬರಬಹುದು. ಒಂದು ದಿನದ ತರಬೇತಿಯಿಂದ ಮನಸ್ಸು ತೊಳೆದೀತೆಂಬ ನಂಬಿಕೆ ನನಗೂ ಇಲ್ಲ. ಆದರೆ ಹೆಸರು ಬದಲಿಸುವ ಪ್ರಯೋಗಕ್ಕೆ ಯಾರ ಮನಸ್ಸನ್ನೂ ಓದಬೇಕಿಲ್ಲ, ಪರಿಹಾರಕ್ಕೂ ಬೇಕಿಲ್ಲ. ಎಸ್‌ಎಸ್‌ಎಲ್‌ಸಿ ಉತ್ತರಪತ್ರಿಕೆಯಲ್ಲಿ ಹೆಸರು ಬರೆಸದಿರುವುದು ಮೌಲ್ಯಮಾಪಕರು ಕೆಟ್ಟವರೆಂದಲ್ಲ. ಸಂದರ್ಶನದಲ್ಲಿ ಮುಖ, ಮಾತು ಮುಚ್ಚಲಾಗದು, ನಿಜ. ಎಲ್ಲರಿಗೂ ಅವೇ ಪ್ರಶ್ನೆ ಕೇಳಬಹುದು, ಸಮಿತಿಯವರು ಚರ್ಚೆಗೆ ಮೊದಲೇ ತಂತಮ್ಮ ಅಂಕ ಬರೆದಿಡಬಹುದು, ತಂದೆಯ ಉದ್ಯೋಗದ ಕಾಲಮನ್ನು ಅರ್ಜಿಯಿಂದಲೇ ತೆಗೆಯಬಹುದು.